ಏಪ್ರಿಲ್‌ನಲ್ಲಿ ಫೋನ್ ಮಾಡುವ ಕುದುರೆ ಮಾಲೀಕರಿಗೆ

ಮೈಸೂರು, ಬೆಂಗಳೂರು ಸೀಮೆಯಲ್ಲಿ ಕುದುರೆ ಕಟ್ಟಿಕೊಂಡಿರುವ ಎಲ್ಲರಿಗೂ ನಮಸ್ಕಾರ. ರೇಸ್ ಲಾಯದವರು, ಸವಾರಿ ಶಾಲೆಯವರು, ತೋಟದ ಮನೆಯಲ್ಲಿ ಆಸೆಪಟ್ಟು ಒಂದೆರಡು ಸಾಕಿದವರು, ಮೈಸೂರಿನಲ್ಲಿ ಇನ್ನೂ ಟಾಂಗಾ ಓಡಿಸುತ್ತಿರುವವರು, ಎಲ್ಲರನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಬರ ಬಂದಾಗ ಮೇವಿನ ಆದೇಶ ಹೊರಡಿಸುವ ಅಧಿಕಾರಿಗಳೂ ಓದಿದರೆ ಒಳ್ಳೆಯದು. ಅವರಿಗೆ ಹೇಳಬೇಕಾದ್ದೂ ಇದೆ.

ನಾನು ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ರೈತ, ಜೊತೆಗೆ ಹುಲ್ಲಿನ ವ್ಯಾಪಾರಿ. ಕುದುರೆ ಮೆಂತೆ (ಲೂಸರ್ನ್ ಎನ್ನುವ ಮೇವಿನ ಸೊಪ್ಪು), ರೋಡ್ಸ್ ಹುಲ್ಲು ನಾನೂ ಬೆಳೆಯುತ್ತೇನೆ, ಅಕ್ಕಪಕ್ಕದವರ ಹತ್ತಿರವೂ ಕೊಳ್ಳುತ್ತೇನೆ. ಒಣಗಿಸಿ, ಯಂತ್ರದಲ್ಲಿ ಒತ್ತಿ ಬೇಲ್ (ಪಿಂಡಿ) ಕಟ್ಟಿ, ಲಾರಿಗೆ ಹೇರಿ ನಿಮ್ಮ ಲಾಯಕ್ಕೆ ಕಳಿಸುತ್ತೇನೆ. ಭತ್ತ ಬೆಳೆದರೆ ಕೊಳ್ಳಲು ಮಿಲ್ಲಿದೆ, ಕಬ್ಬು ಬೆಳೆದರೆ ಫ್ಯಾಕ್ಟರಿ ಇದೆ (ದುಡ್ಡು ಯಾವಾಗ ಕೊಡುತ್ತಾರೆ ಅನ್ನುವುದು ಬೇರೆ ಮಾತು), ಹಾಲಿಗೆ ಡೇರಿ ಇದೆ. ಕುದುರೆ ಹುಲ್ಲು ಬೆಳೆದವನಿಗೆ ಇರುವುದು ನಿಮ್ಮ ಫೋನು ಮಾತ್ರ. ಆ ಫೋನು ಬರುವುದು ಏಪ್ರಿಲ್‌ನಲ್ಲಿ, ನಿಮ್ಮ ಅಟ್ಟ ಖಾಲಿಯಾದ ಮೇಲೆ: “ಅಣ್ಣಾ, ಹುಲ್ಲಿದೆಯಾ? ನಾಳೆ ಬೆಳಗ್ಗೆಯೊಳಗೆ ಐವತ್ತು ಬೇಲ್ ಬೇಕು. ಹಸಿರಾಗಿರಬೇಕು. ರೇಟು ಹೋದ ಸಲದ್ದೇ.”

ನಾನು ಹೇಳಹೊರಟಿರುವುದು ಇಷ್ಟೇ: ಹುಲ್ಲು ಬೇಕಿದ್ದರೆ ಬಿತ್ತುವ ಹೊತ್ತಿಗೆ ಬನ್ನಿ. ಯಾಕೆ ಅಂತ ಬಿಡಿಸಿ ಹೇಳಲು ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

450 ಕೆ.ಜಿ. ತೂಗುವ ಕುದುರೆಗೆ ಅದರ ತೂಕದ ನೂರಕ್ಕೆ ಎರಡು ಪಾಲು ಮೇವು ಅಂದರೆ ದಿನಕ್ಕೆ 9 ಕೆ.ಜಿ. ಆಯಿತು. ಹುರುಳಿ, ಓಟ್ಸ್ ಕೊಡುವವರು ಒಂದಿಷ್ಟು ಕಳೆದುಕೊಳ್ಳಬಹುದು, ಆದರೂ ಹುಲ್ಲಿನ ಪಾಲು ತೂಕದ ಶೇ. 1.5ಕ್ಕಿಂತ ಕೆಳಗಿಳಿಯಬಾರದು ಎನ್ನುತ್ತಾರೆ ಪಶುವೈದ್ಯರು. ಹುಲ್ಲನ್ನೇ ನಂಬಿದ ಕುದುರೆಗೆ ವರ್ಷಕ್ಕೆ ಮೂರು ಟನ್‌ಗೂ ಮೇಲೆ ಬೇಕು. ಇತ್ತ ಹಸಿ ಕುದುರೆ ಮೆಂತೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ನೀರು. ಒಂದು ಟನ್ ಕೊಯ್ದು ಒಣಗಿಸಿದರೆ ಬೇಲ್ ಕಟ್ಟಲು ಕಾಲು ಟನ್ನೂ ಸಿಗುವುದಿಲ್ಲ. “ಹುಲ್ಲು ತಾನೇ, ಎಷ್ಟಾದರೂ ಬೆಳೆಯುತ್ತೆ ಬಿಡಿ” ಅನ್ನುವವರು ಈ ಎರಡು ಲೆಕ್ಕವನ್ನು ಒಟ್ಟಿಗಿಟ್ಟು ನೋಡಬೇಕು.

ಕುದುರೆ ಮೆಂತೆ ಬಿತ್ತಲು ಹದವಾದ ಕಾಲ ಅಕ್ಟೋಬರ್, ನವೆಂಬರ್. ಮೊದಲ ಕಟಾವಿಗೆ ಎರಡು ತಿಂಗಳಿಗೂ ಮೇಲೆ ಕಾಯಬೇಕು, ಆಮೇಲೆ 25–30 ದಿನಕ್ಕೊಂದು ಕೊಯ್ಲು. ಕೊಯ್ದದ್ದನ್ನು ನೆಮ್ಮದಿಯಾಗಿ ಒಣಗಿಸಲು ಸಿಗುವ ಬಿಸಿಲು ಡಿಸೆಂಬರ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ಆಮೇಲೆ ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆಗಳ ಸಾಲೇ ನಿಂತಿರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಊರೆಲ್ಲ ಹಿಗ್ಗುವಾಗ ಹರವಿದ ಸೊಪ್ಪಿನ ಮುಂದೆ ಮೋಡ ನೋಡುತ್ತಾ ನಿಂತವರು ನಾವೊಬ್ಬರೇ. ಕೊಯ್ದ ಸೊಪ್ಪಿನ ಮೇಲೆ ಒಂದು ಮಳೆ ಬಿದ್ದರೆ ಸತ್ವ ತೊಳೆದುಹೋಗುತ್ತದೆ, ಇನ್ನೊಂದು ಬಿದ್ದರೆ ತಿಪ್ಪೆಗೇ ದಾರಿ. ನಿಮ್ಮ ಕಡೆ ನೋಡಿದರೆ ಬೆಂಗಳೂರಿನ ಬೇಸಿಗೆ ರೇಸುಗಳು ಮೇ ತಿಂಗಳಲ್ಲಿ ಶುರುವಾಗಿ ಮಳೆಗಾಲದೊಳಕ್ಕೆ ನಡೆಯುವ ವಾಡಿಕೆ, ಅದರ ಬೆನ್ನಿಗೇ ಮೈಸೂರಿನದು. ನಿಮಗೆ ಹುಲ್ಲು ಬಹಳ ಬೇಕಾಗುವ ತಿಂಗಳುಗಳಲ್ಲೇ ನಮಗೆ ಹುಲ್ಲು ಒಣಗುವುದಿಲ್ಲ. ಮಳೆಗಾಲದಲ್ಲಿ ಕುದುರೆ ತಿನ್ನುವುದೆಲ್ಲ ಮಾರ್ಚ್‌ನಲ್ಲಿ ಯಾರೋ ಕೂಡಿಟ್ಟದ್ದು. ಕೂಡಿಡಲು ಶೆಡ್ಡು ಬೇಕು, ಶೆಡ್ಡಿಗೆ ದುಡ್ಡು ಬೇಕು. ಯಾರು ಕೊಳ್ಳುತ್ತಾರೆ ಎಂದು ಗೊತ್ತಿಲ್ಲದೆ ಯಾವ ರೈತ ತಾನೇ ಆ ಸಾಲಕ್ಕೆ ಕೈಹಾಕುತ್ತಾನೆ?

ನೀರಿನ ಮಾತೂ ಇದೆ. ಬೇಸಿಗೆಯಲ್ಲಿ ಕುದುರೆ ಮೆಂತೆಗೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ನೀರು ಹಾಯಬೇಕು. ನಾಲೆಯಲ್ಲಿ ಕಟ್ಟು ನೀರು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ನೀರು, ಬಿಡುವ ವರ್ಷ ಆ ಲೆಕ್ಕ ಕೂಡಿಬರುವುದಿಲ್ಲ. ಕನ್ನಂಬಾಡಿ ತುಂಬದ ವರ್ಷ ಅದೂ ಇಲ್ಲ, ಬೋರ್‌ವೆಲ್ ಇದ್ದವನಷ್ಟೇ ಉಳಿಯುತ್ತಾನೆ.

ಒಣಗಿಸುವುದಂತೂ ನಾಜೂಕಿನ ಕೆಲಸ. ಕುದುರೆ ಮೆಂತೆಯ ಸತ್ವ ಇರುವುದು ಎಲೆಯಲ್ಲಿ. ಮಧ್ಯಾಹ್ನದ ಉರಿಯಲ್ಲಿ ಮಗುಚಿದರೆ ಎಲೆ ಪುಡಿಪುಡಿಯಾಗಿ ನೆಲ ಸೇರಿ ಕೈಗೆ ಕಡ್ಡಿ ಉಳಿಯುತ್ತದೆ. ಇಬ್ಬನಿ ಪೂರ್ತಿ ಆರುವ ಮೊದಲೇ ಮಗುಚಿದರೆ ಎಲೆ ನಿಲ್ಲುತ್ತದೆ. ಆದರೆ ಅದೇ ಇಬ್ಬನಿಯಲ್ಲಿ ಬೇಲ್ ಕಟ್ಟಿದರೆ ಒಳಗೆ ಬೂಷ್ಟು. ಧನುರ್ಮಾಸದಲ್ಲಿ ಮಂಜು ಕರಗುವಷ್ಟರಲ್ಲಿ ಹತ್ತು ಗಂಟೆ, ಎಲೆ ಉದುರತೊಡಗುವುದು ಹನ್ನೆರಡರ ಸುಮಾರಿಗೆ. ನಡುವೆ ಸಿಕ್ಕ ಅಷ್ಟು ಹೊತ್ತಿನಲ್ಲಿ ಆಳು, ಟ್ರ್ಯಾಕ್ಟರು, ಬೇಲರ್ ಯಂತ್ರ ಮೂರೂ ಕೂಡಿಬರಬೇಕು. ಅದೇ ಕಾಲಕ್ಕೆ ಕಬ್ಬು ಕಡಿಯುವುದೂ ಇರುತ್ತದೆ, ಭತ್ತದ ಒಕ್ಕಣೆಯೂ ಇರುತ್ತದೆ. ಬಾಡಿಗೆ ಬೇಲರ್ ಯಾರ ಗದ್ದೆಗೆ ಮೊದಲು ಹೋಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಬೇಲ್ ಕಟ್ಟುವಾಗ ತೇವಾಂಶ ಶೇ. 15ರ ಆಸುಪಾಸಿನಲ್ಲಿರಬೇಕು. 20 ದಾಟಿದರೆ ಬೂಷ್ಟು ಹಿಡಿಯುವುದು ಹೆಚ್ಚುಕಡಿಮೆ ಖಚಿತ. 25 ದಾಟಿದ ಹುಲ್ಲನ್ನು ಒತ್ತಿ ಕಟ್ಟಿ ಒಟ್ಟಿದರೆ ಒಳಗೊಳಗೇ ಕಾಯತೊಡಗುತ್ತದೆ. ಯಾರೂ ಬೀಡಿ ಎಸೆಯದೆ ಮೆದೆಯ ನಡುವಿನಿಂದಲೇ ಬೆಂಕಿ ಏಳುವುದು ಹೀಗೆ, ಅದೂ ಕಟ್ಟಿದ ದಿನವಲ್ಲ, ವಾರಗಳು ಕಳೆದ ಮೇಲೆ. ತೇವಾಂಶ ಅಳೆಯುವ ಯಂತ್ರ ಇಲ್ಲದವರಿಗೂ ಒಂದು ಉಪಾಯವಿದೆ. ಒಣಗಿದ ಗಾಜಿನ ಬಾಟಲಿಗೆ ಹುಲ್ಲನ್ನು ಸಣ್ಣಗೆ ಕತ್ತರಿಸಿ ಹಾಕಿ, ಒಂದು ಚಮಚ ಒಣ ಪುಡಿ ಉಪ್ಪು ಸೇರಿಸಿ, ಮುಚ್ಚಳ ಬಿಗಿದು ಎರಡು ನಿಮಿಷ ಕುಲುಕಿ. ಉಪ್ಪು ಸಲೀಸಾಗಿ ತಳ ಸೇರಿದರೆ ಹುಲ್ಲು ಒಣಗಿದೆ. ಮುದ್ದೆಗಟ್ಟಿ ಗಾಜಿಗೂ ಕಡ್ಡಿಗೂ ಮೆತ್ತಿಕೊಂಡರೆ ಆ ಲೋಡು ಇಳಿಸಬೇಡಿ, ಅದು ನನ್ನದೇ ಆಗಿದ್ದರೂ.

ಬಣ್ಣದ ಬಗ್ಗೆ ನಿಮ್ಮಲ್ಲಿ ಅನೇಕರಿಗಿರುವ ಹಟ ನನಗೆ ಅರ್ಥವೇ ಆಗುವುದಿಲ್ಲ. ಬೆಂಗಳೂರಿನ ಒಂದು ಲಾಯದವರು ಹೊರಮೈ ಬಿಳಿಚಿದೆ ಎಂದು ಪೂರಾ ಲೋಡನ್ನೇ ವಾಪಸ್ ಕಳಿಸಿದರು. ಹಗ್ಗ ಕತ್ತರಿಸಿ ಒಳಗೆ ನೋಡಿ ಸ್ವಾಮಿ ಅಂದರೂ ಕೇಳಲಿಲ್ಲ. ಬಿಸಿಲು ತಾಗಿದ ಹೊರಗಿನ ಪದರ ಮಾಸುವುದು ಸಹಜ, ಒಳಗಿನದಕ್ಕೆ ಅದರಿಂದ ಏನೂ ಆಗಿರುವುದಿಲ್ಲ. ಅದರ ಮಾರನೆಯ ವಾರ ಅದೇ ಲಾಯದಲ್ಲಿ ಇಳಿದ ಬೇರೊಬ್ಬರ ಹುಲ್ಲು ಹಚ್ಚಹಸಿರಾಗಿತ್ತು, ಬೇಗ ಕಟ್ಟಿದ್ದರಿಂದ ಹಸಿಯಾಗಿಯೂ ಇತ್ತು. ಹದಿನೈದು ದಿನಕ್ಕೆ ಅಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಹುಡುಗನೇ ನನಗೆ ಫೋನ್ ಮಾಡಿ “ಅಣ್ಣಾ, ಬೇಲ್ ಬಿಚ್ಚಿದರೆ ಹೊಗೆ ಥರ ಏಳುತ್ತೆ” ಅಂದ. ಅದು ಹೊಗೆಯಲ್ಲ, ಬೂಷ್ಟಿನ ಪುಡಿ. ಕುದುರೆ ಆ ಪುಡಿ ಉಸಿರಾಡುತ್ತಾ ಹೋದರೆ ಕೆಮ್ಮು ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಉಬ್ಬಸ ಇದ್ದವರ ಹಾಗೆ ಮೂಗಿನ ಹೊಳ್ಳೆ ಅರಳಿಸಿ ಪಕ್ಕೆ ಎಳೆಯುತ್ತದೆ. ರೇಸಿನ ಕುದುರೆಗೆ ಉಸಿರೇ ಹೋದ ಮೇಲೆ ಇನ್ನೇನು ಉಳಿಯಿತು?

ಇನ್ನು ಮುಂದೆ ಲೋಡು ಬಂದಾಗ ಹೀಗೆ ಮಾಡಿ. ಮೇಲಿನ ಸಾಲಿನಿಂದ ಬೇಡ, ಲಾರಿಯ ನಡುವಿನಿಂದ ಒಂದು ಬೇಲ್ ತೆಗೆಸಿ ಹಗ್ಗ ಕತ್ತರಿಸಿ. ಒಳಗೆ ಮುಂಗೈವರೆಗೆ ಕೈ ತೂರಿಸಿ ಸ್ವಲ್ಪ ಹೊತ್ತು ಹಿಡಿಯಿರಿ. ಬೆಚ್ಚಗಿದ್ದರೆ ಅನುಮಾನ ಪಡಿ. ಒಂದು ಹಿಡಿ ಕಿತ್ತು ಮೂಗಿನ ಹತ್ತಿರ ತನ್ನಿ. ಒಣ ಸೊಪ್ಪಿನ ತೆಳು ಸಿಹಿ ಇದ್ದರೆ ಸರಿ. ಮುಗ್ಗಲು ನಾತ ಬಂದರೆ ಬೂಷ್ಟು, ಬೆಲ್ಲದ ಪಾಕ ಕದಡಿದಂಥ ವಾಸನೆ ಬಂದರೆ ಹುಲ್ಲು ಒಳಗೆ ಕಾದಿದೆ ಎಂದರ್ಥ. ಆಮೇಲೆ ಬಿಳಿ ಬಟ್ಟೆಯ ಮೇಲೆ ಕೊಡವಿ. ಎಲೆ ಎಷ್ಟು ಉದುರಿತು, ಮಣ್ಣು ಎಷ್ಟು ಬಿತ್ತು, ಕಾಂಗ್ರೆಸ್ ಗಿಡದ ಕಡ್ಡಿ ಇದೆಯೇ, ಎಲ್ಲ ಕಾಣುತ್ತದೆ. ಕತ್ತರಿಸಿದ ಪ್ಲಾಸ್ಟಿಕ್ ಹಗ್ಗವನ್ನು ದಯವಿಟ್ಟು ಎಣಿಸಿ ಮೂಟೆಗೆ ಹಾಕಿ. ಮೇವಿನ ಜೊತೆ ಹೊಟ್ಟೆಗೆ ಹೋದ ಹಗ್ಗ ಕರುಳಲ್ಲಿ ಗಂಟಾಗಿ ಕೂರುತ್ತದೆ.

“ದನ ತಿನ್ನಲ್ವಾ ಇದನ್ನ?” ಎಂದು ನನ್ನ ಊರಿನವರೂ ಕೇಳುತ್ತಾರೆ, ನಿಮ್ಮಲ್ಲಿ ಹೊಸದಾಗಿ ಕುದುರೆ ಕೊಂಡವರೂ ಕೇಳುತ್ತಾರೆ. ದನ ತಿನ್ನುತ್ತದೆ. ದನಕ್ಕೆ ಮೆಲುಕು ಹಾಕುವ ಹೊಟ್ಟೆ ಇದೆ. ಒರಟು ಹುಲ್ಲು ಮೊದಲು ಅಲ್ಲಿ ನೆನೆದು, ಕೊಳೆತು, ಅದರಲ್ಲಿರುವ ಕೆಲವು ವಿಷಗಳೂ ಅಲ್ಲೇ ಕರಗುತ್ತವೆ. ಕುದುರೆಯ ಹೊಟ್ಟೆ ಚಿಕ್ಕದು, ನಾರು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ತಿಂದದ್ದು ಸರಿಯಿಲ್ಲ ಅಂದರೆ ವಾಂತಿ ಮಾಡಿ ಹೊರಹಾಕಲೂ ಅದಕ್ಕೆ ಬರುವುದಿಲ್ಲ. ಹಾಗಾಗಿ ಹಸುವಿನ ಹೊಟ್ಟೆಯಲ್ಲಿ ಒಂದು ದಿನದ ಅಜೀರ್ಣವಾಗಿ ಮುಗಿಯುವುದು ಕುದುರೆಯಲ್ಲಿ ಕೋಲಿಕ್ (ಜೋರು ಹೊಟ್ಟೆನೋವು) ಆಗಿ ರಾತ್ರಿಯಿಡೀ ನೆಲಕ್ಕೆ ಬಿದ್ದು ಹೊರಳಾಡುವವರೆಗೂ ಹೋಗಬಹುದು. ಹಾಲಿನ ಹಸುಗಳಿಗೆ ಹಾಕುವ ನೇಪಿಯರ್ ಹುಲ್ಲನ್ನೇ ತಿಂಗಳುಗಟ್ಟಲೆ ಹಾಕಿದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದಂಶವನ್ನು ಹಿಡಿದಿಟ್ಟು ಕುದುರೆಯ ಮೂಳೆ ಸವೆದು ಮುಖ ಊದುತ್ತದೆ. ಭತ್ತದ ಹುಲ್ಲಿನಲ್ಲೂ ಆಕ್ಸಲೇಟ್ ಇದೆ, ಮೇಲಾಗಿ ಸತ್ವ ಕಡಿಮೆ. ರಾಗಿ ಹುಲ್ಲು ಅದಕ್ಕಿಂತ ಎಷ್ಟೋ ವಾಸಿ.

ಆದರೆ ರಾಗಿ ಹುಲ್ಲು ಅಂದ ತಕ್ಷಣ ಇನ್ನೊಂದು ತಲೆನೋವು. ನಮ್ಮ ಸೀಮೆಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು ಕಾರುಗಳ ಚಕ್ರದಡಿ ಒಕ್ಕಣೆ ಮಾಡುತ್ತಾರೆ. ಕಣ ಮಾಡುವವರು ಕಡಿಮೆಯಾದರು, ಬೈದು ಪ್ರಯೋಜನವಿಲ್ಲ. ಆ ಹುಲ್ಲಿನಲ್ಲಿ ಜಲ್ಲಿ ಚೂರು, ಎಣ್ಣೆ, ಒಡೆದ ಗಾಜು ಏನು ಬೇಕಾದರೂ ಇರಬಹುದು. ನಾನು ಅದನ್ನು ಕೊಳ್ಳುವುದಿಲ್ಲ. ಕೊಳ್ಳುವವರಿದ್ದಾರೆ, ಅದು ನಿಮ್ಮಲ್ಲಿಗೆ ಅಗ್ಗವಾಗಿ ಬರುತ್ತದೆ. ಬೆಂಗಳೂರಿನ ಕೆರೆಯಂಗಳಗಳಲ್ಲಿ ಚರಂಡಿ ನೀರು ಕುಡಿದು ಬೆಳೆದ ಹಸಿ ಹುಲ್ಲೂ ಹಾಗೆಯೇ ಅಗ್ಗ.

ಸಾಗಣೆಗೆ ಬರೋಣ. ಹುಲ್ಲು ಹಗುರ, ಜಾಗ ಮಾತ್ರ ಲಾರಿಯಷ್ಟೂ ಬೇಕು. ಲಾರಿ ಕಣ್ಣಿಗೆ ತುಂಬಿದಂತೆ ಕಂಡರೂ ಅದು ಹೊರಬಲ್ಲ ತೂಕದ ಅರ್ಧವೂ ಆಗಿರುವುದಿಲ್ಲ. ಬಾಡಿಗೆ ಮಾತ್ರ ಪೂರ್ತಿ ಲಾರಿಯದ್ದು. ಗುಜರಾತಿನಲ್ಲಿ ಕುದುರೆ ಮೆಂತೆ ಎಕರೆಗಟ್ಟಲೆ ಬೆಳೆಯುತ್ತಾರೆ, ಅಲ್ಲಿಂದ ತರಿಸಿ ಅನ್ನುವವರು ಸಾವಿರ ಕಿಲೋಮೀಟರಿಗೂ ಮೀರಿದ ಆ ದಾರಿಯುದ್ದಕ್ಕೂ ಗಾಳಿಯನ್ನೇ ಹೊತ್ತು ತರುವ ಖರ್ಚು ನೆನೆಯಬೇಕು. ಹೆಚ್ಚು ತುಂಬೋಣ ಎಂದು ಎತ್ತರಕ್ಕೆ ಒಟ್ಟಿದರೆ ಎರಡು ಗಂಡಾಂತರ. ಒಂದು ಪೊಲೀಸು: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ ಲೋಡು ಬಾಡಿಯಾಚೆ ಚಾಚಿದರೆ, ಎತ್ತರದ ಮಿತಿ ಮೀರಿದರೆ 20,000 ರೂಪಾಯಿ ದಂಡ, ಮೇಲೆ ಲೋಡು ಇಳಿಸುವ ಖರ್ಚು. ಇನ್ನೊಂದು ಕರೆಂಟು ತಂತಿ. ಹಳ್ಳಿ ದಾರಿಯಲ್ಲಿ ಜೋತುಬಿದ್ದ ತಂತಿ ತಗುಲಿ ಹುಲ್ಲಿನ ಲಾರಿ ಹೊತ್ತಿ ಉರಿದ ಸುದ್ದಿ ಪ್ರತಿ ಬೇಸಿಗೆ ಪತ್ರಿಕೆಯಲ್ಲಿ ಬರುತ್ತದೆ. ಡ್ರೈವರ್ ಉರಿಯುವ ಲಾರಿಯನ್ನು ಊರಾಚೆಗೋ ಕೆರೆಗೋ ಓಡಿಸಿದ ಎಂದು ನೀವು ಓದಿ ಪುಟ ತಿರುವುತ್ತೀರಿ. ನಮ್ಮ ಲೋಡು ಹೊರಟಾಗಲೆಲ್ಲ ಒಬ್ಬ ಹುಡುಗ ಉದ್ದನೆಯ ಒಣ ಬಿದಿರಿನ ಕೋಲು ಹಿಡಿದು ಮುಖ್ಯರಸ್ತೆ ಸಿಗುವವರೆಗೆ ತಂತಿ ನೋಡುತ್ತಾ ಮುಂದೆ ನಡೆಯುತ್ತಾನೆ. ಅವನ ಕೂಲಿಯೂ ನಿಮ್ಮ ರೇಟಿನಲ್ಲಿದೆ.

ಬೆಂಗಳೂರು ತಲುಪಿದರೂ ಹಗಲು ಹೊತ್ತು ದೊಡ್ಡ ಲಾರಿ ಒಳಗೆ ಬಿಡುವುದಿಲ್ಲ. ರಾತ್ರಿ ಬಂದರೆ ಇಳಿಸಲು ಆಳಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ ಎನ್ನುತ್ತೀರಿ. ಲಾಯಕ್ಕೆ ಟೈಲ್ಸ್ ಹಾಕಿಸಿದ್ದೀರಿ, ಫ್ಯಾನ್ ಹಾಕಿಸಿದ್ದೀರಿ, ಹುಲ್ಲಿಗೆ ಒಂದು ಕೋಣೆ ಮಾತ್ರ ಇಲ್ಲ! ನೆಲದಿಂದ ಗೇಣುದ್ದ ಎತ್ತರಿಸಿದ ಮರದ ಹಲಗೆ, ಮೇಲೆ ಸೋರದ ಶೀಟು, ಪಕ್ಕದಲ್ಲಿ ಗಾಳಿ. ಕುದುರೆ ಕಟ್ಟುವ ಕಡೆಯಿಂದ ಅಷ್ಟು ದೂರವಿರಲಿ, ಬೆಂಕಿಯ ಭಯಕ್ಕೆ. ಇಷ್ಟಿದ್ದರೆ ಒಂದು ತಿಂಗಳ ಹುಲ್ಲು ಒಟ್ಟಿಗೆ ಇಳಿಸಬಹುದು, ಬಾಡಿಗೆಯೂ ಉಳಿಯುತ್ತದೆ.

ದುಡ್ಡಿನ ವಿಚಾರ ಬರೆಯಲು ಮುಜುಗರ, ಬರೆಯದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ಮೈಸೂರಿನ ಟಾಂಗಾದವರು ಎರಡೇ ಹೊರೆ ಕೊಂಡರೂ ಸಂಜೆಯೊಳಗೆ ನಗದು ಕೈಗಿಡುತ್ತಾರೆ. ಲಕ್ಷಗಟ್ಟಲೆ ಬೆಲೆಯ ಕುದುರೆ ಕಟ್ಟಿದವರ ಹತ್ತಿರ ನಮ್ಮ ಬಾಕಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಕುದುರೆ ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗುತ್ತದೆ, ಟ್ರೇನರ್ ಬದಲಾಗುತ್ತಾರೆ, ತಿಂದ ಹುಲ್ಲಿನ ಬಿಲ್ಲು ಮಾತ್ರ ಯಾರದೂ ಅಲ್ಲ. ಬೇಲ್ ಲೆಕ್ಕದಲ್ಲಿ ಕೊಳ್ಳುವುದನ್ನೂ ಬಿಡಿ. ಒಬ್ಬರ ಬೇಲ್ ಹತ್ತು ಕೆ.ಜಿ. ಇದ್ದರೆ ಇನ್ನೊಬ್ಬರದು ಇಪ್ಪತ್ತಿರುತ್ತದೆ. ತೂಕಕ್ಕೆ ಕೊಳ್ಳಿ, ತೇವಾಂಶ ನೋಡಿ ಕೊಳ್ಳಿ, ಇಲ್ಲದಿದ್ದರೆ ನೀರಿಗೂ ಹುಲ್ಲಿನ ದುಡ್ಡು ಕೊಟ್ಟಂತಾಯಿತು.

ಕೆ.ಜಿ.ಗೆ ಒಂದು ರೂಪಾಯಿ ಉಳಿಯುತ್ತದೆಂದು ಈ ವಾರ ಒಬ್ಬರಲ್ಲಿ, ಬರುವ ವಾರ ಇನ್ನೊಬ್ಬರಲ್ಲಿ ಕೊಳ್ಳುವವರಿಗೆ ಒಂದು ಮಾತು. ಕುದುರೆಯ ಕರುಳಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ವಾರದಿಂದ ಎರಡು ವಾರ ಹಿಡಿಯುತ್ತದೆ. ಹಳೆಯದಕ್ಕೆ ಹೊಸದನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸಿ ಬದಲಾಯಿಸಬೇಕು. ಏಕಾಏಕಿ ಬದಲಿಸಿದ ರಾತ್ರಿ ಹೊಟ್ಟೆನೋವು ಬಂದರೆ ಬೈಸಿಕೊಳ್ಳುವವನು ಕೊನೆಗೆ ಲೋಡು ಕಳಿಸಿದ ವ್ಯಾಪಾರಿ. ಅಂದ ಹಾಗೆ, ಒಂದು ಲಾಯದ ಖಾಲಿ ಚೀಲ, ಟಾರ್ಪಾಲುಗಳನ್ನು ಇನ್ನೊಂದು ಲಾಯಕ್ಕೆ ತರುವ ವ್ಯಾಪಾರಿಯನ್ನು ಗೇಟಿನಲ್ಲೇ ನಿಲ್ಲಿಸಿ. ಗ್ಲ್ಯಾಂಡರ್ಸ್‌ನಂಥ ಕುದುರೆಗಳ ಅಂಟುರೋಗ ಇರುವ ಕಾಲದಲ್ಲಿ ಅದು ಆಟವಲ್ಲ.

ಈಗ ಅಧಿಕಾರಿಗಳಿಗೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು, ಮೇವು ಹೊರರಾಜ್ಯಕ್ಕೆ ಹೋಗದಂತೆ ತಡೆಯೂ ಬಂತು. ವಯನಾಡಿನ ಹಾಲು ಉತ್ಪಾದಕರು ಪರದಾಡಿದರು. ತಡೆ ತಪ್ಪು ಎಂದು ನಾನು ಹೇಳಲಾರೆ, ದನ ಇಟ್ಟುಕೊಂಡವನಿಗೆ ಆ ವರ್ಷದ ಬೇಗೆ ಗೊತ್ತು. ಆದರೆ ಅಂಥ ವರ್ಷ ಚೆಕ್‌ಪೋಸ್ಟಿನಲ್ಲಿ ನಿಂತವರಿಗೆ ಹೊರರಾಜ್ಯದ ಲಾರಿಯೂ ಒಂದೇ, ಮಂಡ್ಯದಿಂದ ಮೈಸೂರಿಗೆ ಹೊರಟ ಲಾರಿಯೂ ಒಂದೇ. ರಾಜ್ಯದೊಳಗಿನ ಸಾಗಣೆಗೆ ಬೆಳೆದ ಸರ್ವೆ ನಂಬರು, ಕೊಳ್ಳುವವರ ವಿಳಾಸ ಬರೆದ ಒಂದು ಚೀಟಿಯನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಕೊಡುವ ವ್ಯವಸ್ಥೆ ಮಾಡಿ. ಮೇವು ಬ್ಯಾಂಕಿನ ಲೆಕ್ಕ ಬರೆಯುವಾಗ ಟಾಂಗಾ ಕುದುರೆಗಳನ್ನೂ ಬರೆದುಕೊಳ್ಳಿ. ದೇಶದಲ್ಲಿ 2012ರಲ್ಲಿ ಆರು ಲಕ್ಷ ದಾಟಿದ್ದ ಕುದುರೆ, ತಟ್ಟುಗಳು 2019ರ ಜಾನುವಾರು ಗಣತಿಯಲ್ಲಿ ಮೂರೂವರೆ ಲಕ್ಷವೂ ಇರಲಿಲ್ಲ. ಉಳಿದವುಗಳಲ್ಲಿ ಬಡವರ ಅನ್ನಕ್ಕೆ ದುಡಿಯುವವೂ ಇವೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೂ ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಲ್ಲೂ ಮೇವಿನ ಬೆಳೆ ಬಲ್ಲವರಿದ್ದಾರೆ. ವರ್ಷಕ್ಕೊಮ್ಮೆ ಒಣಗಿಸುವುದರ, ಬೇಲ್ ಕಟ್ಟುವುದರ ತರಬೇತಿಯನ್ನೂ ನಾಲೆ ಬಯಲಿನಲ್ಲಿ ನಡೆಸಲಿ. ಬೀಜ ಕೊಟ್ಟರೆ ಸಾಲದು, ಹುಲ್ಲು ಹಾಳಾಗುವುದು ಕೊಯ್ದ ಮೇಲೆ.

ಬರದ ವರ್ಷ ಊರಿನಲ್ಲಿ ನನಗೆ ಬೀಳುವ ಮಾತು: “ದನಕ್ಕೇ ಹುಲ್ಲಿಲ್ಲ, ಇವನು ಶ್ರೀಮಂತರ ಕುದುರೆಗೆ ಸಾಗಿಸ್ತಾನೆ.” ಕುದುರೆ ಮಾಲೀಕರೇ, ಈ ಮಾತಿಗೆ ದಾರಿ ಮಾಡಿಕೊಟ್ಟವರು ನೀವು. ನಿಮಗಾಗಿಯೇ ಬಿತ್ತಿದ ಹುಲ್ಲನ್ನು ನೀವು ಒಯ್ದರೆ ಯಾರೂ ಏನೂ ಅನ್ನುವುದಿಲ್ಲ. ಏಪ್ರಿಲ್‌ನಲ್ಲಿ ದುಡ್ಡು ಹಿಡಿದು ಬಂದು, ಹಸು ಸಾಕುವ ಹೆಂಗಸು ಕೈಹಾಕಿದ ಮೆದೆಗೇ ನೀವೂ ಕೈಹಾಕುತ್ತೀರಿ. ಅಲ್ಲಿ ಅವಳು ಸೋಲುತ್ತಾಳೆ. ಹಿಂದಿನವರಿಗೆ ಈ ವಿವೇಕವಿತ್ತು. ಮೈಸೂರು ಅರಸರ ಕಾಲದಲ್ಲಿ ಅಮೃತ ಮಹಲ್ ತಳಿಯ ದನಗಳಿಗೆಂದೇ ಕಾವಲು ಎನ್ನುವ ಹುಲ್ಲುಗಾವಲುಗಳನ್ನು ಬಿಟ್ಟಿದ್ದರು. ಟಿಪ್ಪು ಕಾಲದಿಂದ ಬಂದ ಕುಣಿಗಲ್ ಫಾರಂನಲ್ಲೂ ಕುದುರೆಯ ಜೊತೆಗೆ ನೂರಾರು ಎಕರೆ ನೆಲವಿತ್ತು. ನಿಮ್ಮ ಕುದುರೆಗೆ ಈಗ ಕಾವಲು ಇಲ್ಲ. ಬದಲಿಗೆ ಎಲ್ಲೋ ಒಬ್ಬ ರೈತನ ಒಂದೆಕರೆಯನ್ನು ವರ್ಷಕ್ಕೆ ಮಾತಾಡಿಕೊಳ್ಳಬಹುದು.

ನನ್ನ ಕಡೆಯ ಕರಾರು ಹೀಗಿದೆ. ಸ್ವಾತಿ ಮಳೆಯೊಳಗೆ, ಅಂದರೆ ನವೆಂಬರ್ ಮೊದಲ ವಾರದೊಳಗೆ, ಬಂದು ಎಷ್ಟು ಕುದುರೆ, ತಿಂಗಳಿಗೆ ಎಷ್ಟು ಕ್ವಿಂಟಲ್ ಎಂದು ಹೇಳಿ. ಬೀಜಕ್ಕೂ ಮೊದಲ ಉಳುಮೆಗೂ ಆಗುವಷ್ಟು, ಒಟ್ಟು ಮೊತ್ತದ ಕಾಲು ಪಾಲು ಮುಂಗಡ ಕೊಡಿ. ಉಳಿದದ್ದು ಲೋಡು ಇಳಿದ ವಾರದೊಳಗೆ. ತೂಕ ನೀವು ಹೇಳಿದ ವೇಬ್ರಿಡ್ಜಿನಲ್ಲಿ. ತೇವಾಂಶ ಶೇ. 16 ದಾಟಿದರೆ, ಬೂಷ್ಟು ಕಂಡರೆ ಲೋಡು ನನ್ನ ಖರ್ಚಿನಲ್ಲಿ ವಾಪಸ್. ಬಣ್ಣಕ್ಕೆ ವಾಪಸ್ ಇಲ್ಲ. ಮಳೆಗಾಲದ ನಾಲ್ಕು ತಿಂಗಳ ಹುಲ್ಲು ನನ್ನ ಶೆಡ್ಡಿನಲ್ಲೇ ಇರಲಿ ಅಂದರೆ ಶೆಡ್ಡಿನ ಬಾಡಿಗೆ ಬೇರೆ. ಮಳೆ ಕೈಕೊಟ್ಟು, ನಾಲೆ ಬತ್ತಿ ಬೆಳೆ ಅರ್ಧಕ್ಕಿಳಿದರೆ ಇದ್ದದ್ದರಲ್ಲಿ ಮೊದಲು ಮುಂಗಡ ಕೊಟ್ಟವರಿಗೆ, ಆಮೇಲೆ ಏಪ್ರಿಲ್‌ನಲ್ಲಿ ಫೋನ್ ಮಾಡಿದವರಿಗೆ.

ಇಂತಿ,
ವಿ.ಸಿ. ನಾಲೆ ಬಯಲಿನ ಒಬ್ಬ ಹುಲ್ಲಿನ ವ್ಯಾಪಾರಿ